ಸೂರ್ಯಕಾಂತಿ ಜೇನಿನಿಂದ ಮನೆಯಲ್ಲೇ ಕೆನೆಜೇನು ತಯಾರಿಕೆ

ಸೂರ್ಯಕಾಂತಿ ಹೊಲದ ಬದುವಿನಲ್ಲಿ ಪೆಟ್ಟಿಗೆಗಳನ್ನಿಟ್ಟು ಜೇನು ತೆಗೆದ ರೈತರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ತೆಗೆದ ದಿನ ಜೇನು ಹೊಂಬಣ್ಣದಿಂದ ತಿಳಿಯಾಗಿ ಹರಿಯುತ್ತಿರುತ್ತದೆ. ಕೆಲವು ವಾರ ಕಳೆದು ಡಬ್ಬಿಯ ಮುಚ್ಚಳ ತೆಗೆದರೆ ತಳದಿಂದ ಮೇಲಿನವರೆಗೆ ರವೆಯಂತೆ ಹರಳುಗಟ್ಟಿ ಕುಳಿತಿರುತ್ತದೆ. ಕೊಳ್ಳಲು ಬಂದವರು ಚಮಚ ಹಾಕಿ ನೋಡಿ, ‘ಇದಕ್ಕೆ ಸಕ್ಕರೆ ಪಾಕ ಬೆರೆಸಿದ್ದೀರಿ’ ಎಂದು ಬರಿಗೈಯಲ್ಲಿ ಹಿಂದಿರುಗುತ್ತಾರೆ. ವ್ಯಾಪಾರಿಯಾದರೆ ಅದನ್ನೇ ನೆಪ ಮಾಡಿಕೊಂಡು ಬೆಲೆ ಇಳಿಸುತ್ತಾನೆ. ಬೇಸತ್ತ ರೈತ ಡಬ್ಬಿಯನ್ನೇ ಒಲೆಯ ಮೇಲಿಟ್ಟು ಕುದಿಸಿಬಿಡುತ್ತಾನೆ. ಜೇನು ಕರಗುವುದೇನೋ ನಿಜ. ಆದರೆ ಅದರ ಬಣ್ಣ ಕಪ್ಪಾಗುತ್ತದೆ, ಹೂವಿನ ಪರಿಮಳ ಹಾರಿಹೋಗುತ್ತದೆ, ಸುಟ್ಟ ಬೆಲ್ಲದ ವಾಸನೆ ಬರುತ್ತದೆ. ಇಡೀ ಹಂಗಾಮಿನ ದುಡಿಮೆ ಅರ್ಧ ಗಂಟೆಯ ಉರಿಯಲ್ಲಿ ಹಾಳಾಗುತ್ತದೆ.

ಸೂರ್ಯಕಾಂತಿ ಜೇನು ಹರಳುಗಟ್ಟದಂತೆ ತಡೆಯಲು ಹೋರಾಡುವುದು ಲಾಭದ ಕೆಲಸವಲ್ಲ. ಅದು ಹೇಗೂ ಹರಳುಗಟ್ಟುವ ಜೇನು. ಹರಳು ಎಷ್ಟು ದಪ್ಪವಾಗಬೇಕು ಎಂಬುದನ್ನು ಮಾತ್ರ ನಾವು ನಿರ್ಧರಿಸಬಹುದು. ಹರಳನ್ನು ನಾಲಗೆಗೆ ತಾಗದಷ್ಟು ಸಣ್ಣದಾಗಿ ಕೂರಿಸಿದರೆ ಅದೇ ಜೇನು ಬೆಣ್ಣೆಯಂತೆ ನುಣ್ಣಗಾಗಿ, ರೊಟ್ಟಿ ಚಪಾತಿಗಳ ಮೇಲೆ ಸವರಲು ಬರುವ ಬಿಳುಪು ಜೇನಾಗುತ್ತದೆ. ಇದಕ್ಕೆ ಕೆನೆಜೇನು ಎನ್ನುತ್ತಾರೆ. ಹೆಸರಿನಲ್ಲಿ ಕೆನೆ ಇದ್ದರೂ ಹಾಲಿನ ಕೆನೆಯನ್ನಾಗಲಿ ಬೇರೆ ಯಾವ ವಸ್ತುವನ್ನಾಗಲಿ ಇದಕ್ಕೆ ಸೇರಿಸುವುದಿಲ್ಲ.

ಜೇನು ಏಕೆ ಹರಳುಗಟ್ಟುತ್ತದೆ?

ಜೇನಿನಲ್ಲಿ ಮುಖ್ಯವಾಗಿ ಇರುವುದು ಎರಡು ಬಗೆಯ ಸಕ್ಕರೆ ಮತ್ತು ನೀರು. ಹಣ್ಣಿನ ಸಕ್ಕರೆಯೆನ್ನುವ ಫ್ರಕ್ಟೋಸ್ ಸಾಮಾನ್ಯವಾಗಿ ಶೇಕಡಾ 38ರಷ್ಟು, ದ್ರಾಕ್ಷಿ ಸಕ್ಕರೆಯೆನ್ನುವ ಗ್ಲೂಕೋಸ್ ಶೇಕಡಾ 31ರಷ್ಟು, ನೀರು ಶೇಕಡಾ 17ರಿಂದ 20ರಷ್ಟು ಇರುತ್ತವೆ. ಫ್ರಕ್ಟೋಸ್ ನೀರಿನಲ್ಲಿ ಸುಲಭವಾಗಿ ಕರಗಿ ಹಾಗೆಯೇ ಉಳಿಯುತ್ತದೆ. ಗ್ಲೂಕೋಸ್ ಹಾಗಲ್ಲ. ಜೇನಿನಲ್ಲಿರುವ ಅಲ್ಪ ನೀರು ಹಿಡಿದಿಡಬಲ್ಲ ಪ್ರಮಾಣಕ್ಕಿಂತ ಹೆಚ್ಚು ಗ್ಲೂಕೋಸ್ ಅದರಲ್ಲಿರುತ್ತದೆ. ಆದುದರಿಂದ ಅವಕಾಶ ಸಿಕ್ಕೊಡನೆ ಅದು ಹರಳಾಗಿ ಬೇರ್ಪಡುತ್ತದೆ. ಗ್ಲೂಕೋಸಿನ ಪ್ರಮಾಣ ನೀರಿನ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಜೇನು ಬೇಗನೆ ಗಟ್ಟಿಯಾಗುತ್ತದೆ. ಒಂದೂ ಮುಕ್ಕಾಲು ಪಟ್ಟಿಗಿಂತ ಕಡಿಮೆಯಿದ್ದರೆ ಬಹುಕಾಲ ತಿಳಿಯಾಗಿ ಉಳಿಯುತ್ತದೆ. ಸೂರ್ಯಕಾಂತಿ, ಸಾಸಿವೆ ಮತ್ತು ರಬ್ಬರ್ ತೋಟದ ಜೇನು ಮೊದಲನೆಯ ಗುಂಪಿಗೆ ಸೇರಿದವು.

ಆದ್ದರಿಂದ ಹರಳುಗಟ್ಟುವುದು ಕಲಬೆರಕೆಯ ಗುರುತಲ್ಲ. ಹಾಗೆಂದು ಹರಳುಗಟ್ಟಿದ ಜೇನೆಲ್ಲ ಅಪ್ಪಟವೆಂದೂ ಹೇಳಲಾಗದು. ಬೆಂಕಿಕಡ್ಡಿ ಅದ್ದಿ ಗೀರುವುದು, ನೀರಿನ ಲೋಟಕ್ಕೆ ಬಿಡುವುದು, ನಾಯಿಗೆ ತೋರಿಸುವುದು ಮೊದಲಾದ ಪರೀಕ್ಷೆಗಳಿಂದಲೂ ಏನೂ ಗೊತ್ತಾಗುವುದಿಲ್ಲ. ಕಲಬೆರಕೆಯನ್ನು ಪ್ರಯೋಗಶಾಲೆಯಲ್ಲಿಯೇ ಪತ್ತೆ ಹಚ್ಚಬೇಕು.

ಹರಳಿನ ಗಾತ್ರದ ಗುಟ್ಟು ನಿಮ್ಮ ಮನೆಯವರಿಗೆ ಆಗಲೇ ತಿಳಿದದ್ದೇ. ಸಕ್ಕರೆ ಪಾಕವನ್ನು ಅಲುಗಿಸದೆ ನಿಧಾನವಾಗಿ ಆರಲು ಬಿಟ್ಟರೆ ಕೆಲವೇ ಹರಳುಗಳು ಹುಟ್ಟಿ, ದೊಡ್ಡದಾಗಿ ಬೆಳೆದು ಕಲ್ಲುಸಕ್ಕರೆಯಾಗುತ್ತದೆ. ಅದೇ ಪಾಕವನ್ನು ಸಂಕ್ರಾಂತಿಯ ಸಕ್ಕರೆ ಅಚ್ಚಿಗಾಗಿ ಬಿಡದೆ ತಿರುವಿದರೆ ಲೆಕ್ಕವಿಲ್ಲದಷ್ಟು ಹರಳುಗಳು ಒಟ್ಟಿಗೆ ಹುಟ್ಟಿ, ಯಾವುದೂ ದೊಡ್ಡದಾಗಲಾರದೆ ನುಣ್ಣನೆಯ ಬಿಳಿ ಅಚ್ಚು ಬರುತ್ತದೆ. ಡಬ್ಬಿಯಲ್ಲಿ ತಾನಾಗಿಯೇ ಗಟ್ಟಿಯಾದ ಜೇನು ಕಲ್ಲುಸಕ್ಕರೆಯ ಜಾತಿ. ಕೆನೆಜೇನು ಸಕ್ಕರೆ ಅಚ್ಚಿನ ಜಾತಿ. ಜೇನಿನಲ್ಲಿ ಈ ಕೆಲಸಕ್ಕೆ ಬರಿಯ ತಿರುವುವಿಕೆ ಸಾಲದು. ಮೊಸರಿಗೆ ಹೆಪ್ಪು ಹಾಕುವಂತೆ, ಮೊದಲೇ ನುಣ್ಣಗೆ ಹರಳುಗಟ್ಟಿರುವ ಸ್ವಲ್ಪ ಜೇನನ್ನು ತಿಳಿ ಜೇನಿಗೆ ಬೆರೆಸಬೇಕು. ಹೆಪ್ಪಿನಲ್ಲಿರುವ ಕೋಟ್ಯಂತರ ಸಣ್ಣ ಹರಳುಗಳ ಸುತ್ತ ತಿಳಿ ಜೇನಿನ ಗ್ಲೂಕೋಸ್ ಹಂಚಿಹೋಗುತ್ತದೆ.

ಈ ವಿಧಾನವನ್ನು ಶಾಸ್ತ್ರೀಯವಾಗಿ ರೂಪಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದ ಇ. ಜೆ. ಡೈಸ್ ಎಂಬ ವಿಜ್ಞಾನಿ. 1935ರಲ್ಲಿ ಅವರಿಗೆ ಇದರ ಪೇಟೆಂಟ್ ದೊರೆಯಿತು. ಅವರ ಅಧ್ಯಯನದ ವಿಷಯ ಜೇನಿನ ಹರಳುಗಟ್ಟುವಿಕೆ ಮಾತ್ರವಲ್ಲ, ಹರಳುಗಟ್ಟಿದ ಜೇನು ಹುಳಿಯುವುದೂ ಆಗಿತ್ತು. ನಮ್ಮ ರೈತರು ಎರಡನೆಯದನ್ನು ಮರೆಯಬಾರದು. ಚಳಿದೇಶದವರಿಗಿಂತ ನಮಗೇ ಆ ತೊಂದರೆ ಹೆಚ್ಚು.

ಎಂಥ ಜೇನು ಆರಿಸಬೇಕು?

ಕೆನೆಜೇನು ಕೆಡುವುದು ಹೆಚ್ಚಾಗಿ ನೀರಿನಿಂದ. ಜೇನಿನಲ್ಲಿ ಶೇಕಡಾ 17.5ರಿಂದ 18ರಷ್ಟು ನೀರಿದ್ದರೆ ಅತ್ಯುತ್ತಮ. 19ರವರೆಗೆ ನಡೆಯುತ್ತದೆ. 20 ದಾಟಿದ ಜೇನನ್ನು ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ.

ಕಾರಣ ಹೀಗಿದೆ. ಗ್ಲೂಕೋಸ್ ಹರಳಾಗುವಾಗ ತನ್ನ ತೂಕದ ಸುಮಾರು ಹತ್ತನೆಯ ಒಂದು ಭಾಗ ನೀರನ್ನು ಮಾತ್ರ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಮಿಕ್ಕ ನೀರೆಲ್ಲ ಹರಳುಗಳ ನಡುವಿನ ದ್ರವದಲ್ಲಿ ಉಳಿಯುತ್ತದೆ. ಒಂದು ಲೆಕ್ಕ ಹಾಕಿ ನೋಡಿ. 100 ಗ್ರಾಂ ಜೇನಿನಲ್ಲಿ 19 ಗ್ರಾಂ ನೀರಿದೆ ಎಂದುಕೊಳ್ಳೋಣ. ಅದರಲ್ಲಿ 15 ಗ್ರಾಂ ಗ್ಲೂಕೋಸ್ ಹರಳಾದರೆ ಒಂದೂವರೆ ಗ್ರಾಂ ನೀರು ಅದರೊಡನೆ ಹೋಗುತ್ತದೆ. ಉಳಿದ ದ್ರವ 83.5 ಗ್ರಾಂ, ಅದರಲ್ಲಿ ನೀರು 17.5 ಗ್ರಾಂ. ಅಂದರೆ ಹರಳುಗಳ ನಡುವಿನ ಜೇನಿನಲ್ಲಿ ನೀರು ಶೇಕಡಾ 21ಕ್ಕೆ ಏರಿತು! ಜೇನಿನಲ್ಲಿ ಸಹಜವಾಗಿಯೇ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಇಂಥ ತೆಳು ಜೇನಿಗಾಗಿಯೇ ಕಾದಿರುತ್ತವೆ. ಅವು ಬೆಳೆದರೆ ಜೇನು ನೊರೆಯೇಳುತ್ತದೆ, ಹುಳಿ ವಾಸನೆ ಬರುತ್ತದೆ, ಮುಚ್ಚಳ ಉಬ್ಬುತ್ತದೆ. ತಿಳಿಯಾಗಿದ್ದಾಗ ಕೆಡದೆ ಉಳಿದ ಜೇನು ಗಟ್ಟಿಯಾದ ಮೇಲೆ ಹುಳಿಯುವುದು ಇದರಿಂದಲೇ.

ತುಡುವೆ ಜೇನಿನಲ್ಲಿ, ಅದರಲ್ಲೂ ಮಲೆನಾಡು ಕರಾವಳಿಗಳ ತುಡುವೆ ಜೇನಿನಲ್ಲಿ, ನೀರು ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಹೆಚ್ಚಿರುತ್ತದೆ. ಅದನ್ನು ತಿಳಿ ಜೇನಾಗಿಯೇ ಮಾರುವುದು ಒಳ್ಳೆಯದು. ರಬ್ಬರ್ ತೋಟದ ಜೇನು ಹರಳುಗಟ್ಟುವುದರಲ್ಲಿ ಮುಂದಿದ್ದರೂ ನೀರಿನಲ್ಲೂ ಮುಂದು. ಹುಳಿಯುವ ಅಪಾಯ ಅದಕ್ಕೆ ಹೆಚ್ಚು. ಒಣಹವೆಯ ಬಯಲುಸೀಮೆಯಲ್ಲಿ ಮೆಲ್ಲಿಫೆರಾ ಜೇನುಹುಳುಗಳು ಹಿಂಗಾರಿ ಸೂರ್ಯಕಾಂತಿಯಿಂದ ಕೂಡಿಸಿದ, ಚೆನ್ನಾಗಿ ಮಾಗಿದ ಜೇನೇ ಇದಕ್ಕೆ ಹೇಳಿ ಮಾಡಿಸಿದ್ದು. ಸೂರ್ಯಕಾಂತಿಯ ಕ್ಷೇತ್ರ ನಮ್ಮ ರಾಜ್ಯದಲ್ಲಿ ಮೊದಲಿನಷ್ಟು ಉಳಿದಿಲ್ಲವಾದರೂ ಬೆಳೆ ಇರುವ ಕಡೆ ಪೆಟ್ಟಿಗೆ ಇಡುವುದರಿಂದ ಕಾಳು ಕಟ್ಟುವುದೂ ಹೆಚ್ಚುತ್ತದೆಂಬುದು ನಿಮಗೆ ತಿಳಿದೇ ಇದೆ.

ಮಾಗುವಿಕೆ ನಿಮ್ಮ ಕೈಯಲ್ಲಿದೆ. ಎರಿಯ ಮುಕ್ಕಾಲು ಪಾಲಾದರೂ ಕೋಶಗಳನ್ನು ಹುಳುಗಳು ಮೇಣದಿಂದ ಮುಚ್ಚುವವರೆಗೆ ಚೌಕಟ್ಟನ್ನು ಮುಟ್ಟಬೇಡಿ. ವಾರಕ್ಕೊಮ್ಮೆ ತೆಗೆದರೆ ತೂಕ ಹೆಚ್ಚು ಸಿಗುತ್ತದೆಂಬ ಆಸೆಗೆ ಹಸಿ ಜೇನು ತೆಗೆಯುವವರಿದ್ದಾರೆ. ಅವರು ನೀರನ್ನು ತೂಗಿ ಮಾರುತ್ತಿದ್ದಾರೆ, ಅಷ್ಟೆ. ತೆಗೆದ ಜೇನನ್ನು ತೆರೆದಿಡಲೂ ಬಾರದು. ಗಾಳಿಯ ಆರ್ದ್ರತೆ ಶೇಕಡಾ 60ಕ್ಕಿಂತ ಹೆಚ್ಚಿದ್ದರೆ ಒಳ್ಳೆಯ ಜೇನೂ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಒಂದು ರಾತ್ರಿ ಮುಚ್ಚಳ ಮರೆತರೂ ಮೇಲ್ಪದರ ತೆಳುವಾಗುತ್ತದೆ.

ನೀರಿನ ಅಂಶ ಅಳೆಯಲು ಜೇನಿನ ರಿಫ್ರಾಕ್ಟೋಮೀಟರ್ ಎಂಬ ಕೈ ಉಪಕರಣವಿದೆ. ಹತ್ತಾರು ಪೆಟ್ಟಿಗೆ ಇಟ್ಟವರು ಒಂದನ್ನು ಕೊಳ್ಳುವುದು ಲೇಸು. ಅದಿಲ್ಲದವರು ತಕ್ಕಡಿಯಿಂದಲೇ ಅಂದಾಜು ಮಾಡಬಹುದು. ಸುಮಾರು ಒಂದು ಲೀಟರಿನ ಗಾಜಿನ ಸೀಸೆಯನ್ನು ಬರಿದಾಗಿ ತೂಗಿರಿ. ಕುತ್ತಿಗೆಯ ಬಳಿ ಗೆರೆ ಎಳೆದು, ಸರಿಯಾಗಿ 1 ಕಿ.ಗ್ರಾಂ. ನೀರು ಎಲ್ಲಿಗೆ ಬರುತ್ತದೆಯೋ ಅಲ್ಲಿಗೆ ಗುರುತು ಮಾಡಿ. ನೀರು ಚೆಲ್ಲಿ, ಸೀಸೆಯನ್ನು ಹನಿಯೂ ಉಳಿಯದಂತೆ ಒಣಗಿಸಿ, ನೊರೆ ಅಡಗಿದ ಜೇನನ್ನು ಅದೇ ಗುರುತಿನವರೆಗೆ ತುಂಬಿ ತೂಗಿರಿ. ಸೀಸೆಯ ತೂಕ ಕಳೆದು ಜೇನು 1 ಕಿ.ಗ್ರಾಂ. 417 ಗ್ರಾಂ ಇದ್ದರೆ ನೀರು ಶೇಕಡಾ 18; 410 ಗ್ರಾಂ ಇದ್ದರೆ 19; 403 ಗ್ರಾಂ ಇದ್ದರೆ 20. ಒಂದೊಂದು ಶೇಕಡಾಕ್ಕೆ ಏಳು ಗ್ರಾಂ ಮಾತ್ರ ವ್ಯತ್ಯಾಸ. ಆದುದರಿಂದ ಗ್ರಾಂವರೆಗೆ ತೋರಿಸುವ ತಕ್ಕಡಿ ಬೇಕು. ಈ ಅಂಕಿಗಳು 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಗೆ ಸಂಬಂಧಿಸಿದವು. ಚಳಿಗಾಲದ ಬೆಳಿಗ್ಗೆ ತೂಗಿದರೆ ಸರಿಹೋಗುತ್ತದೆ.

ಹೆಪ್ಪು ಸಿದ್ಧಪಡಿಸುವುದು

ಕೆನೆಜೇನಿನ ನುಣುಪು ಹೆಪ್ಪಿನ ನುಣುಪನ್ನು ಮೀರಲಾರದು. ಹೆಪ್ಪಿನಲ್ಲಿ ರವೆ ಇದ್ದರೆ ಇಡೀ ಡಬ್ಬಿ ರವೆಯಾಗುತ್ತದೆ. ಪೇಟೆಯಲ್ಲಿ ಒಳ್ಳೆಯ ಕೆನೆಜೇನು ಸಿಕ್ಕಿದರೆ ಒಂದು ಸೀಸೆ ತಂದು ಹೆಪ್ಪಾಗಿ ಬಳಸಬಹುದು. ಬೇರೇನೂ ಬೆರೆಸಿಲ್ಲವೆಂದು ಚೀಟಿ ಓದಿ ಖಚಿತಪಡಿಸಿಕೊಳ್ಳಿ. ಸಿಗದಿದ್ದರೆ ನಿಮ್ಮಲ್ಲೇ ಹರಳುಗಟ್ಟಿದ ಜೇನಿನಿಂದ ತಯಾರಿಸಿಕೊಳ್ಳಿ.

ಹರಳು ಅತಿ ಸಣ್ಣದಾಗಿರುವ ಡಬ್ಬಿಯನ್ನು ಆರಿಸಿ ಸುಮಾರು 100 ಗ್ರಾಂ ತೆಗೆದುಕೊಳ್ಳಿ. ಮುಂಜಾನೆಯ ತಂಪಿನಲ್ಲಿ, ಚೆನ್ನಾಗಿ ತೊಳೆದು ಒಣಗಿಸಿದ ಕಲ್ಲಿನ ಕುಟ್ಟಾಣಿಯಲ್ಲಿ ಒಂದೊಂದೇ ಚಮಚ ಹಾಕಿ ಅರೆಯಿರಿ. ಕುಟ್ಟುವುದಕ್ಕಿಂತ ಗೋಡೆಗೆ ಒತ್ತಿ ಉಜ್ಜುವುದು ಮುಖ್ಯ. ಖಾರ ಅರೆದ ಕಲ್ಲು ಬೇಡ. ಜೇನು ವಾಸನೆಯನ್ನು ಬೇಗ ಹಿಡಿಯುತ್ತದೆ. ಮಿಕ್ಸಿಯಲ್ಲಿ ಹಾಕುವುದಾದರೆ ಕೆಲವೇ ಸೆಕೆಂಡು ತಿರುಗಿಸಿ ನಿಲ್ಲಿಸಿ. ಬಿಸಿಯಾದರೆ ನಮಗೆ ಬೇಕಾದ ಸಣ್ಣ ಹರಳುಗಳೇ ಮೊದಲು ಕರಗುತ್ತವೆ. ನಾಲಗೆ ಮತ್ತು ಅಂಗುಳಿನ ನಡುವೆ ಒತ್ತಿ ನೋಡಿದಾಗ ಮರಳಿನಂತೆ ಏನೂ ತಾಗಬಾರದು. ಅಲ್ಲಿಯವರೆಗೆ ಬಿಡದೆ ಅರೆಯಬೇಕು. ಕೆಲಸ ಬೇಸರದ್ದು, ಆದರೆ ಒಂದೇ ಸಲದ್ದು.

ಈ 100 ಗ್ರಾಂ ಹೆಪ್ಪಿನಿಂದ 1 ಕಿ.ಗ್ರಾಂ. ಕೆನೆಜೇನು ಮಾಡಿ. ಅದು ಗಟ್ಟಿಯಾದ ಮೇಲೆ ಅದೇ ಒಂದು ಕಿಲೋವನ್ನು ಹೆಪ್ಪಾಗಿಟ್ಟುಕೊಂಡರೆ 10 ಕಿ.ಗ್ರಾಂ. ಆಗುತ್ತದೆ. ಬಿತ್ತನೆ ಬೀಜ ಹೆಚ್ಚಿಸಿದಂತೆಯೇ ಇದು. ಮುಂದೆ ಪ್ರತಿ ಸಲ ಹತ್ತರಲ್ಲಿ ಒಂದು ಪಾಲನ್ನು ತೆಗೆದಿರಿಸಿದರೆ ಮತ್ತೆ ಅರೆಯುವ ಕೆಲಸವಿಲ್ಲ.

ಕಾಯಿಸಿ ಆರಿಸುವುದು

ತಿಳಿಯಾಗಿ ಕಾಣುವ ಜೇನಿನಲ್ಲೂ ಕಣ್ಣಿಗೆ ಕಾಣದ ಒರಟು ಹರಳುಗಳು ಇರುತ್ತವೆ. ಅವನ್ನು ಅಳಿಸದೆ ಹೆಪ್ಪು ಹಾಕಿದರೆ ಕಳೆ ಕೀಳದ ಹೊಲಕ್ಕೆ ಬಿತ್ತಿದಂತಾಗುತ್ತದೆ. ಯೀಸ್ಟನ್ನೂ ಕೊಲ್ಲಬೇಕು. ಎರಡು ಕೆಲಸಕ್ಕೂ 60 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅರ್ಧ ಗಂಟೆ ಸಾಕು.

ಜೇನಿನ ಪಾತ್ರೆಯನ್ನು ನೇರವಾಗಿ ಉರಿಯ ಮೇಲೆ ಇಡಕೂಡದು. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ತಳದಲ್ಲಿ ಎರಡು ಚಪ್ಪಟೆ ಕಲ್ಲಿಟ್ಟು, ಅವುಗಳ ಮೇಲೆ ಜೇನಿನ ಪಾತ್ರೆಯನ್ನಿಡಿ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಜೇನು ಹುಳಿ ಗುಣದ್ದಾದುದರಿಂದ ಕಬ್ಬಿಣ, ತಾಮ್ರ, ಸತುವಿನ ಲೇಪದ ತಗಡು ಕೂಡದು. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಾರದು, 100 ಡಿಗ್ರಿಯವರೆಗೆ ತೋರಿಸುವ ಹಾಲಿನ ಥರ್ಮಾಮೀಟರ್ ಬೇಕು. ಜೇನನ್ನು ಆಗಾಗ ತಿರುವುತ್ತ ಮೊದಲು 45ರಿಂದ 50 ಡಿಗ್ರಿಗೆ ತನ್ನಿ. ಆಗ ಅದು ನೀರಾಗಿ ಹರಿಯುವುದರಿಂದ ತೆಳುವಾದ ಮಲ್ ಬಟ್ಟೆಯಲ್ಲಿ ಸೋಸಿ ಮೇಣದ ಚೂರು, ಹುಳುವಿನ ರೆಕ್ಕೆ ಮೊದಲಾದವನ್ನು ತೆಗೆಯಿರಿ. ಸೋಸಿದ ಜೇನನ್ನು 60 ಡಿಗ್ರಿಗೆ ಏರಿಸಿ, ಉರಿ ತಗ್ಗಿಸಿ, ಅರ್ಧ ಗಂಟೆ ಅಲ್ಲಿಯೇ ನಿಲ್ಲಿಸಿ. ಮೊದಲೇ ಗಟ್ಟಿಯಾಗಿದ್ದ ಜೇನಾದರೆ 50 ಡಿಗ್ರಿಯಲ್ಲೇ ಕೆಲವು ಗಂಟೆ ಇಟ್ಟು ಪೂರ್ತಿ ಕರಗಿದ ಮೇಲೆ ಸೋಸಿ, ನಂತರ 60ಕ್ಕೆ ಏರಿಸಬೇಕು. ತಳದಲ್ಲಿ ಒಂದು ಹಿಡಿ ಹರಳು ಉಳಿದರೂ ಪ್ರಯೋಜನವಿಲ್ಲ.

ಕಾಯಿಸದೆ ಮಾಡಬಾರದೇ ಎಂದು ಕೆಲವರು ಕೇಳುತ್ತಾರೆ. ಆಗತಾನೆ ತೆಗೆದ, ನೀರು 18ಕ್ಕಿಂತ ಕಡಿಮೆಯಿರುವ ಜೇನಾಗಿ, ಮನೆಯ ಮಂದಿಯೇ ಬೇಗ ತಿಂದು ಮುಗಿಸುವುದಾದರೆ ಮಾಡಬಹುದು. ಮಾರಾಟಕ್ಕಾದರೆ ಕಾಯಿಸುವುದೇ ಕ್ಷೇಮವೆಂದು ನಮ್ಮ ಅಭಿಪ್ರಾಯ. ಅಂಗಡಿಯ ಕಪಾಟಿನಲ್ಲಿ ಉಬ್ಬಿದ ಒಂದು ಸೀಸೆ ಹತ್ತು ಗಿರಾಕಿಗಳನ್ನು ಕಳೆಯುತ್ತದೆ.

ಅರ್ಧ ಗಂಟೆ ಮುಗಿದೊಡನೆ ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು, ನೀರು ಬದಲಾಯಿಸುತ್ತ, ಜೇನನ್ನು ತಿರುವುತ್ತ ಆದಷ್ಟು ಬೇಗ 24 ಡಿಗ್ರಿಗೆ ಇಳಿಸಿ. ಬಿಸಿಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಬಣ್ಣ ಪರಿಮಳಗಳಿಗೆ ನಷ್ಟ. ಮೇಲೆ ತೇಲುವ ನೊರೆಯನ್ನು ತೆಗೆದುಹಾಕಿ. ಸಂಜೆ ಕಾಯಿಸಿದರೆ ರಾತ್ರಿಯ ತಂಪು ನಿಮ್ಮ ನೆರವಿಗೆ ಬರುತ್ತದೆ.

ಹೆಪ್ಪು ಬೆರೆಸುವುದು

10 ಕಿ.ಗ್ರಾಂ. ಜೇನಿಗೆ 1 ಕಿ.ಗ್ರಾಂ. ಹೆಪ್ಪು ಸರಿಯಾದ ಪ್ರಮಾಣ. ಅರ್ಧ ಕಿಲೋದಲ್ಲಿಯೂ ಆಗುತ್ತದೆ. ಆದರೆ ಅದಕ್ಕಿಂತ ಕಡಿಮೆಯಾದರೆ ಹರಳು ದಪ್ಪವಾಗುತ್ತದೆ. ಜೇನು 30 ಡಿಗ್ರಿಗಿಂತ ಬಿಸಿಯಾಗಿದ್ದರೆ ಹೆಪ್ಪನ್ನು ಹಾಕಲೇಬೇಡಿ. ಬಿಸಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲವಷ್ಟೆ. ಹಾಲಿನಲ್ಲಿ ಜೀವಾಣು ಸಾಯುತ್ತದೆ, ಇಲ್ಲಿ ಹರಳು ಕರಗುತ್ತದೆ. ಕಾರಣ ಬೇರೆಯಾದರೂ ಫಲ ಒಂದೇ.

ಹೆಪ್ಪನ್ನು ಗಟ್ಟಿಯಾಗಿ ಹಾಗೆಯೇ ಹಾಕಿದರೆ ಗಂಟುಗಟ್ಟುತ್ತದೆ. ಬೇರೊಂದು ಪಾತ್ರೆಯಲ್ಲಿ ಅದಕ್ಕೆ ಸಮನಾದ ತಿಳಿ ಜೇನು ಸೇರಿಸಿ, ಹಿಟ್ಟು ಕದಡುವಂತೆ ಗಂಟಿಲ್ಲದೆ ಕಲಸಿಕೊಂಡು, ಆಮೇಲೆ ಒಟ್ಟು ಜೇನಿಗೆ ಸುರಿಯಿರಿ. ಮರದ ಅಗಲ ಸೌಟಿನಿಂದ ತಳದಿಂದ ಮೇಲಕ್ಕೆ ನಿಧಾನವಾಗಿ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ತಿರುವಿ. ಸೌಟನ್ನು ಜೇನಿನಿಂದ ಹೊರಕ್ಕೆ ಎತ್ತದೆ ತಿರುವಬೇಕು. ಕಡಗೋಲು ಹಾಕಿ ಕಡೆಯುವುದು ದೊಡ್ಡ ತಪ್ಪು. ಕಡೆದರೆ ಗಾಳಿ ಸೇರಿ ಜೇನು ಬೆಳ್ಳಗೆ ಉಬ್ಬಿದಂತೆ ಕಾಣುತ್ತದೆ, ನೋಡಲು ಚೆಂದ. ಆದರೆ ಗಾಳಿಗುಳ್ಳೆಗಳು ಮೇಲೇರಿ ನೊರೆಯ ಪದರ ನಿಲ್ಲುತ್ತದೆ.

ಮುಚ್ಚಿ ಒಂದೆರಡು ಗಂಟೆ ಬಿಟ್ಟು, ಮೇಲೆ ಬಂದ ಗುಳ್ಳೆಗಳನ್ನು ತೆಗೆದು, ಒಣಗಿದ ಅಗಲ ಬಾಯಿಯ ಗಾಜಿನ ಸೀಸೆಗಳಿಗೆ ತುಂಬಿರಿ. ಗಟ್ಟಿಯಾದ ಮೇಲೆ ತುಂಬುತ್ತೇವೆಂದರೆ ಆಗುವುದಿಲ್ಲ. ಸೀಸೆಯ ಕಂಠದವರೆಗೂ ತುಂಬಿ ಮುಚ್ಚಳ ಬಿಗಿಯಿರಿ.

ತಂಪಿನಲ್ಲಿ ಕೂರಿಸುವುದು

ಜೇನು ಅತಿ ಚೆನ್ನಾಗಿ ಹರಳುಗಟ್ಟುವ ಉಷ್ಣತೆ 14 ಡಿಗ್ರಿ. ಅದಕ್ಕಿಂತ ತುಂಬ ತಣ್ಣಗಾದರೆ ಜೇನು ಮಂದವಾಗಿ, ಗ್ಲೂಕೋಸ್ ಹರಳಿನ ಬಳಿಗೆ ಚಲಿಸಲಾರದೆ ಕೆಲಸ ನಿಧಾನವಾಗುತ್ತದೆ. ತುಂಬ ಬಿಸಿಯಾದರೆ ಹರಳು ಮೂಡುವುದೇ ಇಲ್ಲ. 14 ಡಿಗ್ರಿಯಲ್ಲಿ ಒಂದು ವಾರಕ್ಕೆ ಕೆನೆಜೇನು ಸಿದ್ಧ.

ನಮ್ಮ ಬಯಲುಸೀಮೆಯಲ್ಲಿ ಇದೇ ಕಠಿಣವಾದ ಹಂತ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ರಾತ್ರಿಯ ಉಷ್ಣತೆ ಬಹಳ ಕಡೆ 13ರಿಂದ 16 ಡಿಗ್ರಿಗೆ ಇಳಿಯುತ್ತದೆ. ಹಗಲು ಮತ್ತೆ 28, 30ಕ್ಕೆ ಏರುತ್ತದೆ. ರಾತ್ರಿ ಕಟ್ಟಿದ್ದು ಹಗಲು ಸಡಿಲವಾದರೆ ಸಣ್ಣ ಹರಳು ಕರಗಿ ದೊಡ್ಡದು ಇನ್ನೂ ದೊಡ್ಡದಾಗುತ್ತದೆ. ಆದುದರಿಂದ ರಾತ್ರಿಯ ತಂಪನ್ನು ಹಗಲಿಗೂ ಉಳಿಸಿಕೊಳ್ಳಬೇಕು. ದೊಡ್ಡ ಮಣ್ಣಿನ ಹಂಡೆಯೊಳಗೆ ಚಿಕ್ಕ ಮಡಕೆಯನ್ನಿಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನಕ್ಕೆರಡು ಬಾರಿ ನೀರು ಹಾಕಿ. ಸೀಸೆಗಳನ್ನು ಒಳಮಡಕೆಯಲ್ಲಿಟ್ಟು ಒದ್ದೆ ಗೋಣಿಚೀಲ ಮುಚ್ಚಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಿ. ಒಣಹವೆಯಲ್ಲಿ ಹೊರಗಿನ ಬಿಸಿಗಿಂತ ಹಲವು ಡಿಗ್ರಿ ತಂಪು ಒಳಗೆ ಇರುತ್ತದೆ. ರಾತ್ರಿ ಗೋಣಿಯನ್ನು ಸರಿಸಿ ಚಳಿ ತಾಗಲು ಬಿಡಿ. ಇಲ್ಲಿ ಸೀಸೆಯ ಮುಚ್ಚಳ ಬಿಗಿಯಾಗಿರುವುದು ಬಹಳ ಮುಖ್ಯ, ಏಕೆಂದರೆ ಮಡಕೆಯೊಳಗಿನ ಗಾಳಿ ಪೂರಾ ತೇವ. ಹೀಗೆ ಇಟ್ಟ ಜೇನು ಕೂರಲು ಎರಡು ವಾರಕ್ಕಿಂತ ಹೆಚ್ಚು ಹಿಡಿಯಬಹುದು.

ಮನೆಯಲ್ಲಿ ಫ್ರಿಜ್ ಇದ್ದರೆ ತರಕಾರಿ ಇಡುವ ಕೆಳಗಿನ ಖಾನೆಯಲ್ಲಿಡಿ. ಅಲ್ಲಿ ಒಂದು ಲೋಟ ನೀರಿಟ್ಟು ಅದರಲ್ಲಿ ಥರ್ಮಾಮೀಟರ್ ಬಿಟ್ಟು ಮರುದಿನ ನೋಡಿ. ಫ್ರಿಜ್‌ನ ತಂಪನ್ನು ಅತಿ ಕಡಿಮೆಗೆ ತಿರುಗಿಸಿ 10 ಡಿಗ್ರಿಯ ಆಸುಪಾಸಿಗೆ ತಂದರೆ ಒಳ್ಳೆಯದು. ಆದರೆ ಅದೇ ಫ್ರಿಜ್‌ನಲ್ಲಿ ಹಾಲು, ಔಷಧಿ ಇಡುವವರು ಹೀಗೆ ಮಾಡಬಾರದು. 5 ಡಿಗ್ರಿಯಲ್ಲಿಯೇ ಇಟ್ಟರೂ ಜೇನು ಕೆಡುವುದಿಲ್ಲ, ಒಂದು ವಾರದ ಕೆಲಸಕ್ಕೆ ಎರಡು ಮೂರು ವಾರ ಹಿಡಿಯುತ್ತದೆ, ಅಷ್ಟೆ. ಸೀಸೆಯನ್ನು ವಾಲಿಸಿದಾಗ ಮೇಲ್ಮೈ ಅಲುಗದಿದ್ದರೆ ಕೆಲಸ ಮುಗಿದಂತೆ.

ತೊಂದರೆಗಳು ಮತ್ತು ಪರಿಹಾರ

ಎರಡು ಮೂರು ವಾರ ಕಳೆದರೂ ಜೇನು ತೆಳುವಾಗಿಯೇ ಇದ್ದರೆ ಹೆಪ್ಪು ಹಾಕುವಾಗ ಬಿಸಿ ಹೆಚ್ಚಾಗಿತ್ತು, ಇಲ್ಲವೇ ಇಟ್ಟ ಜಾಗ ತಂಪಾಗಿರಲಿಲ್ಲ, ಇಲ್ಲವೇ ಜೇನಿನಲ್ಲಿ ನೀರು ಹೆಚ್ಚಿತ್ತು. ಮೊದಲೆರಡು ಕಾರಣಗಳಾದರೆ ಹೊಸ ಹೆಪ್ಪು ಹಾಕಿ ಮತ್ತೆ ತಂಪಿಗಿಡಿ. ಮೂರನೆಯದಾದರೆ ತಿಳಿ ಜೇನಾಗಿ ಬೇಗ ಬಳಸಿಬಿಡಿ. ನಾಲಗೆಗೆ ರವೆ ತಾಗಿದರೆ ಹೆಪ್ಪು ಒರಟಾಗಿತ್ತು ಅಥವಾ ಹಳೆಯ ಹರಳು ಪೂರ್ತಿ ಕರಗಿರಲಿಲ್ಲ. ಅಂಥ ಜೇನನ್ನು ಮತ್ತೆ ಕರಗಿಸಿ ಮೊದಲಿನಿಂದ ಮಾಡಬಹುದು, ನಷ್ಟವೇನೂ ಇಲ್ಲ.

ಸೂರ್ಯಕಾಂತಿಯಲ್ಲಿ ವಿಶೇಷವಾಗಿ ಕಾಣುವುದು ಅತಿ ಗಟ್ಟಿಯಾಗುವ ತೊಂದರೆ. ನೀರು 17ಕ್ಕಿಂತ ಕಡಿಮೆಯಿದ್ದರೆ ಚಮಚ ಬಾಗುವಷ್ಟು ಬಿಗಿಯಾಗಬಹುದು. ಸೀಸೆಯನ್ನು ಒಂದೆರಡು ದಿನ 28 ಡಿಗ್ರಿಯ ಆಸುಪಾಸಿನ ಜಾಗದಲ್ಲಿಟ್ಟು ಸೌಟಿನಿಂದ ಮಿದುಗೊಳಿಸಿದರೆ ಮತ್ತೆ ಅಷ್ಟು ಬಿಗಿಯಾಗುವುದಿಲ್ಲ. ಮುಂದಿನ ಸಲ ಮೂರು ಪಾಲು ಸೂರ್ಯಕಾಂತಿಗೆ ಒಂದು ಪಾಲು, ಬೇಗ ಹರಳುಗಟ್ಟದ ಬೇರೆ ಮಾಗಿದ ಜೇನನ್ನು ಕಾಯಿಸುವ ಮೊದಲೇ ಬೆರೆಸಿ ನೋಡಿ.

ಸೀಸೆಯ ಒಳಗೋಡೆಯ ಮೇಲೆ ಬೂಷ್ಟಿನಂತೆ ಬಿಳಿ ಮಚ್ಚೆಗಳು ಕಾಣಿಸಿದರೆ ಹೆದರಬೇಕಾಗಿಲ್ಲ. ಜೇನು ಗಟ್ಟಿಯಾಗುವಾಗ ಕುಗ್ಗಿ ಗಾಜಿನಿಂದ ಬಿಟ್ಟುಕೊಂಡ ಗುರುತು ಅದು. ಮೇಲೆ ತಿಳಿ ಜೇನಿನ ಪದರ ನಿಂತರೆ ಸೀಸೆ ಬಿಸಿಯ ಜಾಗದಲ್ಲಿದೆಯೆಂದು ತಿಳಿದು ತಂಪಿಗೆ ಸಾಗಿಸಿ. ನೊರೆ ಮತ್ತು ಹುಳಿ ವಾಸನೆ ಬಂದದ್ದನ್ನು ಮಾತ್ರ ಮಾರಬೇಡಿ, ಹೆಪ್ಪಿಗೂ ಬಳಸಬೇಡಿ.

ಮಾರುವವರಿಗೆ

ಮಾರಾಟಕ್ಕೆ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಬೇಕು. ಜೇನಿನಲ್ಲಿ ನೀರು ಶೇಕಡಾ 20 ಮೀರಬಾರದೆಂಬ ನಿಯಮವೂ ಇದೆ. ಶುಂಠಿ ಪುಡಿ, ಏಲಕ್ಕಿ ಪುಡಿ ಸೇರಿಸಿದರೆ ರುಚಿ ಬರುತ್ತದೆ, ಆದರೆ ಚೀಟಿಯಲ್ಲಿ ಅದನ್ನು ಸ್ಪಷ್ಟವಾಗಿ ನಮೂದಿಸಬೇಕು. ಹಸಿ ಹಣ್ಣಿನ ತಿರುಳು ಮಾತ್ರ ಸರ್ವಥಾ ಬೇಡ, ನೀರು ಸೇರಿ ಹುಳಿಯುತ್ತದೆ. ಒಂದು ವರ್ಷ ತುಂಬದ ಕೂಸುಗಳಿಗೆ ಯಾವ ಜೇನನ್ನೂ ತಿನ್ನಿಸಬಾರದೆಂಬ ಎಚ್ಚರಿಕೆಯನ್ನೂ ಚೀಟಿಯಲ್ಲಿ ಮುದ್ರಿಸಿ. ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಕಗಳು ದೊಡ್ಡವರಿಗೆ ಏನೂ ಮಾಡದಿದ್ದರೂ ಎಳೆಯ ಕೂಸಿಗೆ ಪ್ರಾಣಾಪಾಯ ತರಬಲ್ಲವು. ಕೂಸಿನ ನಾಲಗೆಗೆ ಜೇನು ಸವರುವ ವಾಡಿಕೆ ಇರುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕು.

ಗಿರಾಕಿಗೆ ಮೊದಲು ಒಂದು ಚಮಚ ರುಚಿ ತೋರಿಸಿ, ಆಮೇಲೆ ಮಾತನಾಡಿ. ಗಟ್ಟಿಯಾದ ಜೇನನ್ನು ಸಂಶಯದಿಂದ ನೋಡುವವರೇ ನುಣ್ಣನೆಯ ಕೆನೆಜೇನನ್ನು ಬೇರೊಂದು ಪದಾರ್ಥವೆಂಬಂತೆ ಕೊಳ್ಳುತ್ತಾರೆ. ಸೋರುವುದಿಲ್ಲವಾದ್ದರಿಂದ ಮಕ್ಕಳ ಬುತ್ತಿಗೆ ಕಟ್ಟಲೂ ಅನುಕೂಲ.

ಫೆಬ್ರವರಿ ಕಳೆದ ಮೇಲೆ ಬಯಲುಸೀಮೆಯಲ್ಲಿ ಹೊಸದಾಗಿ ಮಾಡುವ ಪ್ರಯತ್ನ ಬೇಡ. ಬಿಸಿಲು 30 ದಾಟಿದರೆ ಮಾಡಿಟ್ಟದ್ದೂ ಸಡಿಲವಾಗುತ್ತದೆ. 40 ಮುಟ್ಟಿದರೆ ಕರಗಿ ತಿಳಿ ಜೇನೇ ಆಗುತ್ತದೆ. ಆದ್ದರಿಂದ ಯುಗಾದಿಯೊಳಗೆ ಮಾರಿ ಮುಗಿಸುವಷ್ಟನ್ನೇ ಮಾಡಿ, ಉಳಿದ ಜೇನನ್ನು ತಿಳಿಯಾಗಿ ಇಟ್ಟುಕೊಳ್ಳಿ. ಒಂದು ಕಿಲೋ ಹೆಪ್ಪನ್ನು ಮಾತ್ರ ಬಿಗಿ ಮುಚ್ಚಳದ ಸೀಸೆಯಲ್ಲಿ ತುಂಬಿ, ತಯಾರಿಸಿದ ತಿಂಗಳನ್ನು ಬರೆದು ಅಂಟಿಸಿ, ಫ್ರಿಜ್‌ನಲ್ಲಿ ಇಡಿ. ನಿಮ್ಮಲ್ಲಿ ಇಲ್ಲದಿದ್ದರೆ ನೆಂಟರ ಮನೆಯಲ್ಲಾದರೂ ಇರಿಸಿ. ಮುಂದಿನ ಹಿಂಗಾರಿಯ ಜೇನಿಗೆ ಅದೇ ಹೆಪ್ಪು.